ಗುಂಡಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಮೊನ್ನೆ ಆಯುಧ ಪೂಜೆಯ ಬೆಳಿಗ್ಗೆ ಹೊಲಿಗೆ ಯಂತ್ರ ಒರೆಸುತ್ತ ಕೂತಿದ್ದೆ. ಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಮುಟ್ಟಿಸಿದ್ದೇ ತಡ, ಆ ವಾಸನೆ ನನ್ನನ್ನು ಎಪ್ಪತ್ತರ ದಶಕದ ಸಿರುಗುಪ್ಪಕ್ಕೆ ಎಳೆದೊಯ್ದು ಮಾವನ ರಿವಾಲ್ವರಿನ ಮುಂದೆ ಕೂರಿಸಿತು. ನಗಬೇಡಿ, ಹೆಂಗಸರಿಗೂ ಇಂಥ ನೆನಪುಗಳಿರುತ್ತವೆ.

ವೀರಭದ್ರ ಮಾವ ನನ್ನ ತಾಯಿಯ ಅಣ್ಣ. ಗದ್ದೆಗೆ ಹಂದಿ ನುಗ್ಗುತ್ತವೆಂದು ಲೈಸೆನ್ಸ್ ಪಡೆದವನು. ಹಂದಿಗಳಿಗೆ ಆ ಸುದ್ದಿ ಕೊನೆಗೂ ಮುಟ್ಟಲಿಲ್ಲ. ಆದರೂ ರಿವಾಲ್ವರ್ ಎಂದರೆ ಅವನಿಗೆ ಪ್ರಾಣ. ಆ ವರ್ಷ ಮಗ ಶಿವಣ್ಣ ಹಟ ಹಿಡಿದ. "ಅಪ್ಪಾ, ನಿನಗ ವಯಸ್ಸಾತು, ಕೈ ನಡಗತಾವ. ಅದನ್ನ ಠಾಣೇಕ ಕೊಟ್ಟುಬಿಡು."

"ಬಳ್ಳಾರಿ ಶೂಟಿಂಗ್ ರೇಂಜಿಗೆ ಬಾರಲೇ. ಆರು ಗುಂಡಿನಾಗ ನಾಕು ಗುರಿಗೆ ಬೀಳಲಿಲ್ಲಂದ್ರ ನಾನ ಕೊಡ್ತೀನಿ," ಅಂದ ಮಾವ.

ಬಳ್ಳಾರಿ ಕಾಲೇಜಿನಲ್ಲಿ ಓದುತ್ತಿದ್ದ ನಾನು ಎಲ್ಲ ತಿಳಿದವಳಂತೆ ಅಪ್ಪ-ಮಗನ ಜೊತೆಗೆ ಹೋದೆ. ಬಂಡೆಗುಡ್ಡದ ಬುಡದ ರೇಂಜಿನಲ್ಲಿ ಮಾವ ಟವೆಲ್ ಹಾಸಿ ಎರಡು ಗುಂಪು ಗುಂಡು ಸುರಿದ. ಅಂಗಡಿಯ ಹೊಸವು ತಲೆಗೆ ಮೇಣ ಮೆತ್ತಿಕೊಂಡು ಮಂಕಾಗಿದ್ದವು. ಮನೆಯ ಹಳೆಯವು ಥಳಥಳ ಹೊಳೆಯುತ್ತಿದ್ದವು. ಹೊಳೆಯದೇ ಏನು? ಆ ಸಲದ ಆಯುಧ ಪೂಜೆಗೆ ಮಾವ ರಿವಾಲ್ವರಿಗೆ ಎಣ್ಣೆ ಹಾಕಿದ್ದು ನೋಡಿ, ಗುಂಡುಗಳು ಯಾವ ಪಾಪ ಮಾಡಿದ್ದವೆಂದು ನಾನೇ ಗುಟ್ಟಾಗಿ ಅವನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿ, ಒರೆಸಿ, ಕುಂಕುಮ ಇಟ್ಟಿದ್ದೆ.

"ಗುರಿಗೆ ಹೊಸಾವ ಚಲೋ. ಒಂದ ಡಬ್ಬಿಯವು ಒಂದ ಸಮ ಹೋಗ್ತಾವ," ಎಂದು ಮಾವ ಕೈ ಚಾಚಿದ.

"ಮಾವಾ, ಇವು ಪೂಜಿ ಆದವು. ಇವನ್ನ ಹಾಕು," ಎಂದು ಗೋಗರೆದೆ.

ಮಾವ ಒಂದನ್ನು ಎತ್ತಿ ಮೂಸಿದ. ನನ್ನ ಮುಖ ನೋಡಿದ. "ಆತು ಬಿಡವ್ವಾ," ಎಂದು ಆರನ್ನೂ ತುಂಬಿದ.

ಮೊದಲ ಮೂರೂ ನಟ್ಟನಡುವೆ ಬಿದ್ದವು. ನಾನು ಚಪ್ಪಾಳೆ ತಟ್ಟಿದೆ. ನಾಲ್ಕನೆಯದು 'ಟಕ್' ಅಂದು ಸುಮ್ಮನಾಯಿತು. ಮಾವ ನಿಯಮದಂತೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕಾದ. ಏನೂ ಆಗಲಿಲ್ಲ. ಐದು, ಟಕ್. ಆರು, ಟಕ್. ರೇಂಜ್ ನೋಡಿಕೊಳ್ಳುತ್ತಿದ್ದ ನಿವೃತ್ತ ಸುಬೇದಾರರು ಗುಂಡನ್ನು ಮೂಗಿಗೆ ಹಿಡಿದು, "ಕೊಬ್ಬರಿ ಎಣ್ಣಿ! ಮದ್ದಿಗೆ ಇಳದೈತ್ರಿ. ಯಾರ್ರೀ ಹಚ್ಚಿದ ಪುಣ್ಯಾತ್ಮರು?" ಅಂದರು.

ನಾನು ಮೆಲ್ಲಗೆ ಮಾವನ ಬೆನ್ನ ಹಿಂದೆ ಸರಿದೆ.

"ನಾನ ಹಚ್ಚೀನ್ರಿ. ವಯಸ್ಸಾತಲ್ರಿ," ಅಂದ ಮಾವ.

ಶಿವಣ್ಣನಿಗೆ ಅಷ್ಟು ಸಾಕಾಯಿತು. ಅದೇ ವಾರ ಮಾವ ರಿವಾಲ್ವರನ್ನು ಠಾಣೆಗೆ ಕೊಟ್ಟುಬಂದ. ರೇಂಜಿನಿಂದ ಬರುವಾಗ ನಾನು ಅತ್ತರೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿ ಕೊಡಿಸಿದ. ನಾಚಿಕೆಯಿಲ್ಲದೆ ನಾಲ್ಕು ತಿಂದೆ.

ಈಗ ಮಾವ ಇಲ್ಲ. ಕುರುಗೋಡಿನಲ್ಲಿರುವ ಶಿವಣ್ಣ ಪ್ರತಿ ಆಯುಧ ಪೂಜೆಗೆ ಫೋನ್ ಮಾಡಿ ಅದೇ ಚೇಷ್ಟೆ ಮಾಡುತ್ತಾನೆ. ಮೊನ್ನೆಯೂ ಮಾಡಿದ. "ಏನವಾ, ಅಪ್ಪನಂಗ ಎಲ್ಲಾದಕ್ಕೂ ಎಣ್ಣಿ ಹಚ್ಚಿದ್ಯೋ ಇಲ್ಲೋ?" ಇಷ್ಟು ವರ್ಷ ನಾನೂ ಜೊತೆಗೆ ನಕ್ಕಿದ್ದೆ. ಈ ಸಲ ನಗಲಿಲ್ಲ.

"ಶಿವಣ್ಣಾ, ಹಚ್ಚಿದಾಕಿ ನಾನು."



"ಹಂಗಾರ ಅಪ್ಪನ ಕೈಯೂ ನೆಟ್ಟಗಿತ್ತು, ತಲಿಯೂ ನೆಟ್ಟಗಿತ್ತು," ಅಂದ.

"ಎರಡೂ ನೆಟ್ಟಗಿದ್ದವು," ಅಂದೆ.