ಆಯಿ ಹೊತ್ತು ತಂದ ಇನ್ನೊಂದು ಕೊಡ

"ದೇವರು ಅಷ್ಟು ಪ್ರೀತಿಯವನಾದರೆ ಸುಮ್ಮನೆ ಕ್ಷಮಿಸಬಾರದಿತ್ತೇ, ಯೇಸು ಶಿಲುಬೆಗೆ ಯಾಕೆ ಏರಬೇಕು?" ಎಂದು ಪತ್ರ ಬರೆದು ನನ್ನನ್ನೇ ಕೇಳುತ್ತೀರಲ್ಲ, ಎಂದಾದರೂ ನೀರು ಹೊತ್ತಿದ್ದೀರೇನು? ನಲ್ಲಿ ತಿರುವಿ ಬೆಳೆದವರಿಗೆ ಎಲ್ಲವೂ ಪುಕ್ಕಟೆ!

ಬೆಳಿಗ್ಗೆ ಮೊಮ್ಮಗಳು ಅಂಗಳಕ್ಕೆ ನೀರು ಚೆಲ್ಲಿದಳು. ಒಣಮಣ್ಣಿನ ವಾಸನೆ ಎದ್ದದ್ದೇ ತಡ, ನಾನು ಚಿಕ್ಕಂದಿನಲ್ಲಿ ಬೆಳೆದ ಊರು ಅಬ್ಬಿಗೇರಿಯಲ್ಲಿದ್ದೆ.

ನಮ್ಮ ಬಾವಿಯ ನೀರು ಸವಳು, ಅದರಲ್ಲಿ ಬೇಳೆಯೂ ಬೇಯುತ್ತಿರಲಿಲ್ಲ. ಸಿಹಿನೀರಿಗೆ ದೂರದ ಕೆರೆಗೇ ಹೋಗಬೇಕು. ಒಂದು ಬೇಸಗೆಯ ಮಧ್ಯಾಹ್ನ ಚಿಕ್ಕಪ್ಪನ ಹೆಂಡತಿ, ಬಸುರಿ ಚಿಗವ್ವ, ಹೊಸ್ತಿಲು ಎಡವಿ ತುಂಬಿದ ಕೊಡ ಒಡೆದಳು. ಮನೆಯಲ್ಲಿ ಕುಡಿಯಲೂ ಹನಿ ನೀರಿಲ್ಲ.

"ತಪ್ಪಾತ್ರಿ ಅತ್ತಿ," ಎಂದು ಅತ್ತಳು.

"ಹೋಗ್ಲಿ ಬಿಡವ್ವ, ಒಳಗ ಹೋಗಿ ಅಡ್ಡಾಗು," ಎಂದ ನಮ್ಮ ಆಯಿ, ಅಪ್ಪನ ತಾಯಿ, ತಲೆಯ ಮೇಲೆ ಸಿಂಬಿ ಇಟ್ಟು ತಾನೇ ಇನ್ನೊಂದು ಕೊಡ ಎತ್ತಿದಳು.

"ಆಯಿ, ಮಾಫ್ ಮಾಡಿದೆಲ್ಲ, ಮತ್ಯಾಕ ಹೊಂಟಿ?" ಎಂದೆ.

"ಮಾಫ್ ಮಾಡಿದ್ರ ಕೊಡ ತುಂಬತೈತೇನ ಹುಚ್ಚಿ? ಆಕಿ ಹೋಗಬಾರದು ಅಂದ್ರ ನಾ ಹೋಗಬೇಕು."

ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ ಶಿಲುಬೆಯ ಕಥೆ ಓದುತ್ತಿದ್ದರೆ, ನಾನು ಕೆರೆಯ ಕಾದ ದಾರಿಯಲ್ಲಿ ನಡೆದು ಬೊಬ್ಬೆ ಎದ್ದ ಆಯಿಯ ಅಂಗಾಲನ್ನೇ ನೋಡುತ್ತಿದ್ದೆ. ಚಿಗವ್ವ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು.

ಇಲ್ಲಿ ಮೊಮ್ಮಗಳು ನೀರು ಚೆಲ್ಲಿದ ಅಂಗಳ ಆಗಲೇ ಆರಿದೆ. ನಿಮ್ಮ ಪಾಲಿನ ಕೊಡ ಹೊತ್ತವರು ಯಾರೆಂದು ಯೋಚಿಸಿ, ಮುಂದಿನ ತಿಂಗಳು ಶುರುವಾಗುವ ಮೊದಲು ನನಗೆ ಉತ್ತರ ಬರೆಯಿರಿ.