ತೋರುಬೆರಳಿನ ಬಣ್ಣ

ನಮ್ಮ ಅತ್ತೆ ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳಲು ಶುರು ಮಾಡಿದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ, ಟೆಕ್ಸಸ್‌ನ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ. ಹಿಂದಿನ ಸಲ ಹುಬ್ಬಳ್ಳಿಯಿಂದ ಬಂದಿದ್ದಾಗ ನನ್ನ ಮಗಳು ಬಾಟಲಿ ಹಿಡಿದು ಹತ್ತಿರ ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಿದ್ದರು. "ರೊಟ್ಟಿ ಬಡಿಯೋ ಕೈ ಇದು. ಬಣ್ಣ ಹೊಟ್ಟ್ಯಾಗ ಹೋಗ್ತೈತಿ" ಅಂದಿದ್ದರು. ಈ ಸಲ ಸೂಟ್‌ಕೇಸು ಬಿಚ್ಚುವ ಮೊದಲೇ ತಾವಾಗಿ ಮೊಮ್ಮಗಳನ್ನು ಕರೆದು ಸೋಫಾದ ಮೇಲೆ ಕೂರಿಸಿಕೊಂಡರು. ಅವಳು ಗುಲಾಬಿ ಬಣ್ಣ ತಂದಳು. ಬೇಡವೆಂದರು. ಕೆಂಪು ತಂದಳು. ಅದೂ ಬೇಡ.

"ಇದಕ್ಕಿಂತ ಕರೀದು ಐತೇನು?"

ನನ್ನ ಮಗಳಿಗೆ ಹತ್ತು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿಗೆ ಫ್ಯಾಷನ್ ಬಂತೆಂದು ಅವಳಿಗೆ ಹಿಗ್ಗೋ ಹಿಗ್ಗು. ಹ್ಯಾಲೋವೀನಿಗೆ ತಂದಿದ್ದ, ಹೆಚ್ಚುಕಡಿಮೆ ಕಪ್ಪೇ ಎನ್ನಬಹುದಾದ ಕಡುಗೆಂಪು ಬಣ್ಣವನ್ನು ಹುಡುಕಿ ತಂದು ಹತ್ತೂ ಬೆರಳಿಗೆ ಹಚ್ಚಿದಳು. ಅದೇ ಬಾಟಲಿಯಿಂದ ತಾನೂ ಹಚ್ಚಿಕೊಂಡಳು. "ಕಾಲಿಗೂ ಹಚ್ಚು" ಎಂದರು ಅತ್ತೆ. ನಾನು ಅಡುಗೆಮನೆಯಿಂದ ನೋಡುತ್ತಾ, ಅರವತ್ತಕ್ಕೆ ಅರಳು ಮರಳು ಅನ್ನುವುದು ಇದಕ್ಕೇ ಇರಬೇಕು ಎಂದು ಮನಸ್ಸಿನಲ್ಲೇ ನಕ್ಕೆ.

ಅವರು ಬಂದದ್ದು ನಮಗಾಗಿ ಅಲ್ಲ, ತಮ್ಮ ಮಗಳಿಗಾಗಿ. ನನ್ನ ನಾದಿನಿ ಇರುವುದು ಹ್ಯೂಸ್ಟನ್ನಿನಲ್ಲಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದ ಮೇಲೆ, ಅವಳಿಗೆ ಈ ಬಸಿರು ನಿಂತಿತ್ತು. ಬಿಪಿ ಬೇರೆ ಏರಿತ್ತು. ಮಲಗಿರಬೇಕು, ಗಾಬರಿಯಾಗುವಂಥದ್ದೇನೂ ಕಿವಿಗೆ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಹ್ಯೂಸ್ಟನ್ನಿನ ಮನೆಯಲ್ಲಿ ಆಗ ಅವಳ ಅತ್ತೆ ಮಾವ ಇದ್ದುದರಿಂದ, ಅವರು ಹೊರಟ ಮೇಲೆ ನಮ್ಮ ಅತ್ತೆ ಅಲ್ಲಿಗೆ ಹೋಗಿ ಬಾಣಂತನ ಮಾಡುವುದೆಂದು ಮಾತಾಗಿತ್ತು. ಸೂಟ್‌ಕೇಸಿನ ತುಂಬ ಬಾಣಂತಿಯ ಉಂಡೆಗೆಂದು ಅಂಟು, ಉತ್ತತ್ತಿ, ಕೊಬ್ಬರಿ. ಅವುಗಳ ಅಡಿಯಲ್ಲಿ ಹಳೆಯ ಮೆತ್ತನೆ ಸೀರೆ ಹರಿದು ಹೊಲಿದ ಎರಡು ಪುಟ್ಟ ಕುಂಚಿಗೆ. ಕೂಸಿನ ತಲೆಗೆ ಅವು ಹಿಡಿಸುತ್ತವೋ ಇಲ್ಲವೋ ಎಂದು ದಿನಾ ತೆಗೆದು ತಮ್ಮ ಮುಷ್ಟಿಯ ಮೇಲೆ ಏರಿಸಿ ನೋಡುತ್ತಿದ್ದರು.

ಸಂಜೆಯಾದರೆ ಹ್ಯೂಸ್ಟನ್ನಿನಿಂದ ವಿಡಿಯೋ ಕಾಲ್ ಬರುತ್ತಿತ್ತು. ಮಲಗಿ ಮಲಗಿ ಬೇಸತ್ತ ನಾದಿನಿಗೆ ಅವ್ವನ ಉಗುರೇ ಒಂದು ಮನರಂಜನೆ.

"ಅವ್ವಾ, ತೋರ್ಸು. ಇವತ್ತೂ ಕರೀದ?"

ಅತ್ತೆ ಐದು ಬೆರಳನ್ನೂ ಅಗಲಿಸಿ ಕ್ಯಾಮೆರಾದ ಮುಂದೆ ಹಿಡಿಯುತ್ತಿದ್ದರು. ಆಕಡೆ ನಗು, ಈಕಡೆ ನಗು. ಬಣ್ಣ ಒಂದು ಚೂರು ಎದ್ದಿದ್ದರೂ ಮರುದಿನ ಬೆಳಿಗ್ಗೆ ಮೊಮ್ಮಗಳು ಸ್ಕೂಲಿಗೆ ಹೊರಡುವ ಮೊದಲು ಮತ್ತೆ ಹಚ್ಚಿಸಿಕೊಳ್ಳುತ್ತಿದ್ದರು. ಅದರಲ್ಲಿ ಅವರಿಗಿದ್ದ ಅವಸರ ನನಗೆ ಒಂದೆರಡು ಸಲ ಸರಿ ಕಾಣಲಿಲ್ಲ. ಸ್ನಾನದ ಮನೆಯಿಂದ ಕೈಗೆ ಟವೆಲ್ ಸುತ್ತಿಕೊಂಡು ಬಂದು, "ಮೊದಲ ಇದನ್ನ ಹಚ್ಚವಾ, ಆಮೇಲೆ ನಾಷ್ಟಾ ತಿನ್ನಾಕಂತಿ" ಎನ್ನುತ್ತಿದ್ದರು.

ನಮ್ಮದು ಎರಡನೆಯ ಮಹಡಿ. ವಾಕಿಂಗ್ ಮುಗಿಸಿ ಮೆಟ್ಟಿಲೇರುವಾಗ ಅವರು ನಡುವೆ ನಿಂತು ಬಿಡುತ್ತಿದ್ದರು. ಕೇಳಿದರೆ ಅಳಿಲು ನೋಡುತ್ತಿದ್ದೇನೆ ಎನ್ನುವರು. ನಾನು ತಿರುಗಿ ನೋಡಿದರೆ ಅಲ್ಲಿ ಅಳಿಲು ಇರುತ್ತಿರಲಿಲ್ಲ. ರಾತ್ರಿ ಮೂರು ದಿಂಬು ಒಟ್ಟಿಕೊಂಡು ಒರಗಿ ಮಲಗುತ್ತಿದ್ದರು. ಕೆಮ್ಮು ಇತ್ತು, ಒಣ ಕೆಮ್ಮು. ಚಳಿಗಾಲದಲ್ಲಿ ಟೆಕ್ಸಸ್‌ನಲ್ಲಿ ಸೀಡರ್ ಮರದ ಪರಾಗಕ್ಕೆ ಕೆಮ್ಮದವರು ಯಾರಿದ್ದಾರೆ? ನಮ್ಮ ಆಫೀಸಿನಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು. ಎಲ್ಲಕ್ಕೂ ಒಂದೊಂದು ಕಾರಣ ಸಿಗುತ್ತಿತ್ತು, ಸಿಕ್ಕ ಕಾರಣ ಸಾಕಾಗುತ್ತಿತ್ತು.

ಆಮೇಲೆ ಆ ಐಸ್ ಮಳೆ ಬಂತು. ಹಿಮವಾದರೆ ನೋಡಲಾದರೂ ಚೆಂದ. ಇದು ಮಳೆಯಂತೆ ಬಿದ್ದು, ಬಿದ್ದಲ್ಲೇ ಗಾಜಾಗುತ್ತದೆ. ಬೆಳಿಗ್ಗೆ ಎದ್ದಾಗ ಬಾಲ್ಕನಿಯ ಕಂಬಿ, ಕೆಳಗೆ ನಿಂತ ಕಾರುಗಳು, ಹೊರಗಿನ ಮೆಟ್ಟಿಲು ಎಲ್ಲದರ ಮೇಲೂ ಆ ಗಾಜು. ಸದಾ ಗುಂಯ್‌ಗುಡುವ ಪಕ್ಕದ ಎಲ್‌ಬಿಜೆ ಹೆದ್ದಾರಿ ಸದ್ದಿಲ್ಲದೆ ಬಿದ್ದಿತ್ತು. ಆಗಾಗ ಓಕ್ ಮರದ ಟೊಂಗೆ ಭಾರ ತಾಳದೆ ಲಟಕ್ಕನೆ ಮುರಿಯುವ ಶಬ್ದ ಮಾತ್ರ. ನನ್ನ ಗಂಡ ಹೊಸ ಪ್ರಾಜೆಕ್ಟಿಗೆಂದು ವಾರವಿಡೀ ಆಸ್ಟಿನ್ ಪಕ್ಕದ ಟೇಲರ್‌ನ ಚಿಪ್ ಕಾರ್ಖಾನೆಯಲ್ಲಿದ್ದು, ಶುಕ್ರವಾರ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಅವತ್ತು ಶುಕ್ರವಾರವೇ. ರಸ್ತೆ ಮುಚ್ಚಿದೆ, ಬರಲಾಗುವುದಿಲ್ಲ ಎಂದು ಫೋನ್ ಮಾಡಿದರು. ಸ್ಕೂಲಿಗೆ ರಜೆ. ಮನೆಯಲ್ಲಿ ನಾವು ಮೂವರು ಹೆಂಗಸರು.

ಅತ್ತೆ ಚಹಾ ಮಾಡಲು ಹೋದವರು ಒಲೆಯ ಪಕ್ಕದ ಕಟ್ಟೆ ಹಿಡಿದು ನಿಂತಿದ್ದರು. ಏನೋ ಹೇಳಲು ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಉಳಿದರ್ಧಕ್ಕೆ ಉಸಿರು ಸಾಲಲಿಲ್ಲ. ತುಟಿ ಕಂದಿತ್ತು. ಚಳಿ ಎಂದುಕೊಳ್ಳಲು ನೋಡಿದೆ, ಹೀಟರು ಜೋರಾಗಿಯೇ ಇತ್ತು. ಕೊರೊನಾ ಕಾಲದಲ್ಲಿ ಕೊಂಡು ಡ್ರಾದಲ್ಲಿ ಬಿದ್ದಿದ್ದ ಆಕ್ಸಿಮೀಟರನ್ನು ತಂದು ಅವರ ಬೆರಳಿಗೆ ಹಾಕಿದೆ. ಆಮ್ಲಜನಕ ಎಂಬತ್ತೊಂದು ತೋರಿಸಿತು. ತೊಂಬತ್ತೈದಾದರೂ ಇರಬೇಕು ಎನ್ನುವುದು ಆ ಎರಡು ವರ್ಷಗಳಲ್ಲಿ ಪ್ರಪಂಚಕ್ಕೆಲ್ಲ ಬಾಯಿಪಾಠವಾದ ವಿಷಯ.

ಫೋನಿನಲ್ಲೇ ಸಲಹೆ ಕೊಡುವ ನರ್ಸ್ ಲೈನಿಗೆ ಕರೆ ಮಾಡಿದೆ. ಅತ್ತೆ ಎದುರಿಗೇ ನಿಂತು, ತನಗೇನೂ ಆಗಿಲ್ಲ ಎಂದು ಹೇಳು ಎಂದು ಕೈಸನ್ನೆ ಮಾಡುತ್ತಿದ್ದರು. ನಾನೂ ಹಾಗೇ ಹೇಳಿದೆನೆಂದು ಕಾಣುತ್ತದೆ. ಉಗುರಿಗೆ ಬಣ್ಣವಿದೆಯೇ ಎಂದು ನರ್ಸ್ ಕೇಳಿದಳು. ಕಡುಬಣ್ಣವಿದ್ದರೆ ಮೆಷೀನು ತಪ್ಪು ತೋರಿಸಬಹುದು, ಕೂಡಲೇ ಒಂದು ಬೆರಳಿನದು ತೆಗೆದು ನೋಡಿ, ಆಗಲೂ ತೊಂಬತ್ತರ ಕೆಳಗಿದ್ದರೆ ಒಂದು ನಿಮಿಷವೂ ಕಾಯದೆ ನೈನ್ ಒನ್ ಒನ್‌ಗೆ ಕರೆ ಮಾಡಿ ಅಂದಳು.

ಬಣ್ಣ! ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನನಗೆ ಆ ಹಾಳು ಬಣ್ಣದ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಹೇಳಲಾರೆ. ತಪ್ಪೆಲ್ಲ ಅದರದ್ದೇ. ಅದೊಂದು ಹೋದರೆ ಎಲ್ಲ ಸರಿಹೋಗುತ್ತದೆ.

"ಅತ್ತೆ, ಕೈ ಕೊಡಿ ಇಲ್ಲಿ."

"ಇವತ್ತ ಶುಕ್ರವಾರ. ಶುಕ್ರವಾರ ಉಗುರಿನ ತಂಟೆಗೆ ಹೋಗಬಾರದವಾ."

"ಉಗುರು ಕತ್ತರಿಸ್ತಾ ಇಲ್ಲ ಅತ್ತೆ, ಬಣ್ಣ ತೆಗೀತಾ ಇದೀನಿ."

ಅವರು ಕೈಯನ್ನು ಶಾಲಿನೊಳಗೆ ಎಳೆದುಕೊಂಡರು. ನನಗೆ ರೇಗಿತು. ನಾನು ಮೈಸೂರಿನವಳಾದರೂ ನನ್ನ ಸಿಟ್ಟು ಮೈಸೂರಿನದಲ್ಲ. ಕೈ ಹಿಡಿದು ಹೊರಗೆ ಎಳೆದು, ತೋರುಬೆರಳನ್ನು ಬಿಡದೆ ಹಿಡಿದುಕೊಂಡೆ.

ರಿಮೂವರ್ ಬಾಟಲಿ ನೋಡಿದರೆ ಒಣಗಿಹೋಗಿತ್ತು. ಮಗಳು ಮುಚ್ಚಳ ಹಾಕಿರಲಿಲ್ಲ. ಅಂಗಡಿಗೆ ಹೋಗೋಣವೆಂದರೆ ಮೆಟ್ಟಿಲಿಳಿಯುವುದೇ ಸಾಧ್ಯವಿರಲಿಲ್ಲ. ಮಗಳು ಟ್ಯಾಬ್ ತೆರೆದು, ಮನೆಯಲ್ಲಿರುವ ಸಾಮಾನಿನಿಂದ ನೇಲ್ ಪಾಲಿಶ್ ತೆಗೆಯುವುದು ಹೇಗೆಂದು ಓದತೊಡಗಿದಳು. ಟೂತ್‌ಪೇಸ್ಟ್ ಅಂದಳು. ಹಳೆಯ ಬ್ರಷ್ಷಿಗೆ ಪೇಸ್ಟು, ಅದರ ಮೇಲೆ ಚಿಟಿಕೆ ಸೋಡಾ ಹಾಕಿ ತಿಕ್ಕಿದೆ. ನೊರೆ ಬಂತು, ಬಣ್ಣದ ಹೊಳಪು ಮಾತ್ರ ಹೋಯಿತು. ವಿನೆಗರಿಗೆ ನಿಂಬೆರಸ ಹಿಂಡಿ ಬೆರಳು ಅದ್ದಿಸಿದೆ. ಅತ್ತೆಯ ಕೈತುಂಬ ಚಳಿಗೆ ಬಿಟ್ಟ ಬಿರುಕು. ಉರಿಗೆ ಮುಖ ಹಿಂಡಿದರು, ಕೂಗಲಿಲ್ಲ. ಬಿಸಿನೀರಲ್ಲಿ ನೆನೆಸಿ ಅಂಚು ಕೆರೆದೆ. ಒಂದು ಸಣ್ಣ ಚಕ್ಕೆ ಎದ್ದಿತು, ಅಷ್ಟೆ. ಈ ನಡುವೆ ಮತ್ತೆ ಮತ್ತೆ ಆಕ್ಸಿಮೀಟರ್ ಹಾಕಿ ನೋಡುತ್ತಿದ್ದೆ. ಎಂಬತ್ತು. ಎಂಬತ್ತೊಂದು. ಮತ್ತೆ ಎಂಬತ್ತು.

ಮಗಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಬೆರಳಿಗೆ ಸಿಕ್ಕಿಸಿಕೊಂಡಳು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿಸಿ ಹಿಡಿದಳು. ತೊಂಬತ್ತೆಂಟು.

"ಅಮ್ಮಾ, ಮೈನ್ ಈಸ್ ದ ಸೇಮ್ ಕಲರ್."

ಅವಳ ಉಗುರಿನ ಮೇಲೂ ಅದೇ ಬಾಟಲಿಯ ಅದೇ ಕಡುಗೆಂಪು. ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. "ಮೆಷೀನು ಹಳೇದು, ಏನೇನೋ ತೋರ್ಸುತ್ತೆ, ಆ ಕಡೆ ಇಡು ಅದನ್ನ" ಎಂದು ಅವಳ ಮೇಲೆ ರೇಗಿದೆ. ಅವಳು ಬಿಚ್ಚಿ ಇಟ್ಟಳು. ಅತ್ತೆ ಅವಳ ತಲೆ ಸವರಿದರು.

ಸಿಂಕಿನ ಕೆಳಗೆ ಕೊರೊನಾ ಕಾಲದ ಸ್ಯಾನಿಟೈಸರ್ ಡಬ್ಬಗಳಿದ್ದವು. ಹತ್ತಿಯನ್ನು ಅದರಲ್ಲಿ ತೋಯಿಸಿ ಉಗುರಿಗೆ ಸುತ್ತಿ ಒತ್ತಿ ಹಿಡಿದೆ. ಮನೆಯೆಲ್ಲ ಆಸ್ಪತ್ರೆಯ ವಾಸನೆಯಾಯಿತು. ಹೊರಗೆ ಇನ್ನೊಂದು ಟೊಂಗೆ ಮುರಿದು ಬಿತ್ತು. ಬಣ್ಣ ಮೆತ್ತಗಾಯಿತೇ ಹೊರತು ಬಿಡಲಿಲ್ಲ. ಅದೆಷ್ಟು ಪದರ ಇತ್ತೋ! ವಾರಗಟ್ಟಲೆ ಒಂದರ ಮೇಲೊಂದು ಹಚ್ಚಿಸಿಕೊಂಡದ್ದು. ಕೊನೆಗೆ ಮಗಳು ಓದಿದ ಉಪಾಯ ವಿಚಿತ್ರವಾಗಿತ್ತು. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ದಪ್ಪಗೆ ಹಚ್ಚಬೇಕು, ಅದು ಒಣಗುವ ಮೊದಲೇ ಒರೆಸಬೇಕು, ಹೊಸತು ಹಳೆಯದನ್ನು ಕರಗಿಸಿಕೊಂಡು ಹೋಗುತ್ತದೆ. ಅದೇ ಬಾಟಲಿ ತಂದು ಹಚ್ಚಿ, ಹತ್ತಿಯಿಂದ ಬಲವಾಗಿ ಒರೆಸಿದೆ. ಮತ್ತೆ ಹಚ್ಚಿ ಮತ್ತೆ ಒರೆಸಿದೆ. ಹತ್ತಿ ಕಡುಗೆಂಪಾಗುತ್ತ ಬಂತು. ಉಗುರು ಕಾಣತೊಡಗಿತು.

ಅಡಿಯಲ್ಲಿ ಇನ್ನೂ ಬಣ್ಣ ಉಳಿದಿತ್ತು. ನೇರಳೆ ಹಣ್ಣು ತಿಂದ ನಾಲಿಗೆಯಂಥ ನೀಲಿ. ಕಲೆ ಇಳಿದಿದೆ ಎಂದುಕೊಂಡು ಸ್ಯಾನಿಟೈಸರ್ ಸುರಿದು ತಿಕ್ಕಿದೆ. ನಿಂಬೆಹೋಳಿನಿಂದ ತಿಕ್ಕಿದೆ. ಹತ್ತಿ ಈಗ ಬೆಳ್ಳಗೇ ಬರುತ್ತಿತ್ತು, ಉಗುರು ಮಾತ್ರ ನೀಲಿಯಾಗಿಯೇ ಇತ್ತು. ಉಗುರು ಉಬ್ಬಿ ದುಂಡಗಾಗಿತ್ತು, ನಾನು ಎಂದೂ ಗಮನಿಸಿರಲಿಲ್ಲ. ಬ್ರಷ್ ತೆಗೆದುಕೊಂಡು ಇನ್ನೂ ಜೋರಾಗಿ ತಿಕ್ಕಿದೆ.

ಅತ್ತೆ ಇನ್ನೊಂದು ಕೈಯಿಂದ ನನ್ನ ಮುಂಗೈ ಹಿಡಿದರು.

"ಸಾಕು ಬಿಡವ್ವಾ. ಅದು ಬಣ್ಣ ಅಲ್ಲ."

ನಾನು ತಲೆಯೆತ್ತಿದೆ. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ನನ್ನ ಮೇಲೆ ಕನಿಕರವಿತ್ತು.

"ಯಾವಾಗಿಂದ ಅತ್ತೆ?"

"ಊರಾಗಿದ್ದಾಗಿಂದ. ಡಾಕ್ಟರ್ ಹೇಳಿದ್ರು, ವಿಮಾನ ಹತ್ತಬ್ಯಾಡ ಅಂತ. ಕೂಸಿನ್ನ ಒಂದ್ಸಲ ಎರೆದು ತೊಟ್ಟಿಲಿಗೆ ಹಾಕಿದ್ರ ಸಾಕಾಗಿತ್ತು ನನಗ." ಉಸಿರು ಎಳೆದುಕೊಂಡು ಮತ್ತೆ ಹೇಳಿದರು. "ಹ್ಯೂಸ್ಟನ್‌ಗೆ ಹೇಳಬ್ಯಾಡ. ಅಕಿ ಬಿಪಿ ಏರಿದ್ರ ಎರಡು ಜೀವ. ನನ್ನದು ಒಂದ."

ಬರಿಯ ಉಗುರಿನ ಮೇಲೆ ಮೆಷೀನು ಹಾಕಿದೆ. ಎಪ್ಪತ್ತೊಂಬತ್ತು. ನೈನ್ ಒನ್ ಒನ್ ಒತ್ತುವಾಗ ನನ್ನ ಬೆರಳಿಗೆ ಮೆತ್ತಿದ್ದ ಹಸಿ ಬಣ್ಣ ಫೋನಿನ ಗಾಜಿಗೆ ಅಂಟಿತು. ಆಂಬುಲೆನ್ಸ್ ಆ ರಸ್ತೆಯಲ್ಲಿ ತೆವಳಿಕೊಂಡು ಬಂತು. ಬಂದವರು ಮೆಟ್ಟಿಲ ಮೇಲೆ ಉಪ್ಪು ಚೆಲ್ಲಿ, ಅತ್ತೆಯನ್ನು ಕುರ್ಚಿಗೆ ಬಿಗಿದು, ಒಂದೊಂದೇ ಹೆಜ್ಜೆ ಇಳಿಸಿದರು. ಇಳಿಯುವಾಗ ಅವರು ನನ್ನ ಕಡೆ ನೋಡಿ, ಬಾಯಿಯ ಮೇಲೆ ಬೆರಳಿಟ್ಟರು.

ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ, ಮಾಡುವುದು ಹೆಚ್ಚೇನೂ ಉಳಿದಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಮೆಲ್ಲಗೆ ಹೇಳಿದರು. ಅತ್ತೆ ಹ್ಯೂಸ್ಟನ್‌ಗೆ ಹೋಗಲೇ ಇಲ್ಲ. ಆ ಕುಂಚಿಗೆಗಳನ್ನು ತೆಗೆದುಕೊಂಡು ಹೋದವಳು ನಾನು. ಕೂಸಿನ ತಲೆಗೆ ಅವು ಸರಿಯಾಗಿ ಹಿಡಿಸಿದವು. ಹೊಲಿದವರು ಆಗ ಇರಲಿಲ್ಲ.

ಆದರೆ ನನ್ನನ್ನು ಇಂದಿಗೂ ಹಿಡಿದಿರುವುದು ಆಸ್ಪತ್ರೆಯಲ್ಲಿ ಕಳೆದ ಆ ಶುಕ್ರವಾರದ ಸಂಜೆ. ಟೇಲರ್‌ನಲ್ಲಿ ಸಿಕ್ಕಿಬಿದ್ದಿದ್ದ ನನ್ನ ಗಂಡ, ತಂಗಿಗೆ ಹೇಳುವುದಿಲ್ಲವೆಂದು ಫೋನಿನಲ್ಲೇ ಅವ್ವನಿಗೆ ಮಾತು ಕೊಟ್ಟಿದ್ದರು. ಹೊತ್ತಿಗೆ ಸರಿಯಾಗಿ ಹ್ಯೂಸ್ಟನ್ನಿನ ಕಾಲ್ ಬಂತು. ಬೇಡ ಎಂದೆ. ಅತ್ತೆ ಕೇಳಲಿಲ್ಲ. ಮೂಗಿನ ಆಮ್ಲಜನಕದ ನಳಿಗೆಯನ್ನು ಕೆಳಕ್ಕೆ ಜಾರಿಸಿ ಶಾಲಿನೊಳಗೆ ಸೇರಿಸಿದರು. ಬೆರಳಿಗೆ ಹಾಕಿದ್ದ ಮೆಷೀನಿನ ಕ್ಲಿಪ್ಪನ್ನು ಕಿತ್ತು ಹಾಸಿಗೆಯ ಮೇಲಿಟ್ಟರು. ಬೆನ್ನ ಹಿಂದೆ ಗೋಡೆ ಮಾತ್ರ ಕಾಣುವಂತೆ ಫೋನ್ ಹಿಡಿ ಎಂದು ನನಗೆ ಸನ್ನೆ ಮಾಡಿದರು. ಹಿಡಿದೆ.

"ಅವ್ವಾ, ಅಲ್ಲಿ ಭಾಳ ಐಸ್ ಐತಂತ? ಎಲ್ಲಾರೂ ಆರಾಮ?"

"ಹೂಂ. ಬೆಚ್ಚಗ ಮನ್ಯಾಗ ಅದೀವಿ."

"ಎಲ್ಲಿ ತೋರ್ಸು, ಇವತ್ತೂ ಕರೀದ?"

ಅತ್ತೆ ಕೈಯೆತ್ತಿದರು. ಬರಿಯ ತೋರುಬೆರಳನ್ನು ಹೆಬ್ಬೆರಳ ಕೆಳಗೆ ಮಡಿಸಿ, ಬಣ್ಣವಿದ್ದ ಉಳಿದ ಮೂರನ್ನು ಅಗಲಿಸಿ ತೋರಿಸಿದರು. ನಾದಿನಿ ನಕ್ಕಳು. ಅಷ್ಟರಲ್ಲಿ ಹಾಸಿಗೆಯ ಪಕ್ಕದ ಮೆಷೀನು ಕೂಗತೊಡಗಿತು, ಟೀಂ ಟೀಂ ಎಂದು, ಬಿಡದೆ.

"ಅದೇನವ್ವಾ ಸಪ್ಪಳ?"

"ನಿಮ್ಮ ವೈನಿ ಮೈಕ್ರೋವೇವ್‌ನಾಗ ಏನೋ ಇಟ್ಟಾಳ" ಎಂದರು ಅತ್ತೆ, ನನ್ನನ್ನೇ ನೋಡುತ್ತ. ಅವರಲ್ಲಿ ಅದಕ್ಕಿಂತ ಹೆಚ್ಚು ಉಸಿರು ಉಳಿದಿರಲಿಲ್ಲ.

ಬಾಗಿಲಾಚೆ ಯಾರೋ ಓಡಿ ಬರುವ ಸದ್ದಾಯಿತು. ನಾನು ಫೋನನ್ನು ನನ್ನ ಮುಖಕ್ಕೆ ತಿರುಗಿಸಿಕೊಂಡೆ.

"ಹೌದು ಕಣೇ, ಹಾಲು ಬಿಸಿಗಿಟ್ಟಿದ್ದೆ. ತೆಗೆದು ಬರ್ತೀನಿ, ಫೋನ್ ಇಡ್ತೀನಿ" ಎಂದೆ.