ಕೆಮ್ಮಣ್ಣಿನ ಪಟ್ಟಿಯ ಖಡಿರಾಶಿ

ನಲವತ್ತೆಂಟರ ದೀಪಾವಳಿ ಮುಗಿದ ವಾರ ಆಳಂದದ ರಸ್ತೆ ಕೆಲಸಕ್ಕೆ ನನ್ನನ್ನು ಗುಮಾಸ್ತನಾಗಿ ತೆಗೆದುಕೊಂಡರು. ಉರ್ದು ಓದಲು, ಕನ್ನಡ ಬರೆಯಲು ಬರುತ್ತಿತ್ತು, ಅಷ್ಟೇ ಅರ್ಹತೆ. ದಿನಚರಿಯ ಚಟ ಮೊದಲೇ ಇತ್ತು. ಮೊದಲ ದಿನದ ಪುಟದಲ್ಲಿ ಹೀಗಿದೆ: 'ಖಡಿರಾಶಿ ನಲವತ್ತೊಂದು. ಸುಣ್ಣ ಬಿದ್ದವು ಇಪ್ಪತ್ತಾರು. ಬಿಸಿಲು.'

ದೇಶದ ಉದ್ದಗಲ ಹಾಯುವ ಹೆದ್ದಾರಿಗಳ ಖರ್ಚನ್ನು ದಿಲ್ಲಿಯೇ ಹೊರುತ್ತದೆಂಬ ಮಾತು ಹಿಂದಿನ ವರ್ಷವೇ ಹುಟ್ಟಿತ್ತು. ನಾವು ಆಗಿನ್ನೂ ನಿಜಾಮನ ಸೀಮೆಯವರು. ಈ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಅದು ನಮ್ಮ ಮಾತೂ ಆಯಿತು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ದಾರಿ ಹೆದ್ದಾರಿಯಾಗುತ್ತದೆ, ನಮ್ಮ ರಸ್ತೆ ಹೋಗಿ ಅದಕ್ಕೆ ಕೂಡುತ್ತದೆ ಎಂದರು. ಅಫಜಲಪುರ, ಜೇವರ್ಗಿಯ ಸರದಿ ಆಮೇಲೆ. ಅದಕ್ಕೂ ಮೊದಲು, ರಸ್ತೆ ಬದಿಯಲ್ಲಿ ಬಿದ್ದಿರುವ ಖಡಿಯಲ್ಲಿ, ಅಂದರೆ ಒಡೆದ ಜಲ್ಲಿಕಲ್ಲಿನಲ್ಲಿ, ಹಳೆಯ ಸರ್ಕಾರ ಕೂಲಿ ಕೊಟ್ಟದ್ದೆಷ್ಟು, ಕೊಡದ್ದೆಷ್ಟು ಎಂದು ನೋಡಬೇಕಿತ್ತು.

ಗಲಾಟೆಯಲ್ಲಿ ಹಳೆಯ ಕಾಗದಗಳು ಹೋಗಿದ್ದವು. ಉಳಿದ ಗುರುತು ಸುಣ್ಣ. ಒಡೆದ ಕಲ್ಲನ್ನು ತಳವಿಲ್ಲದ ಮರದ ಪೆಟ್ಟಿಗೆಯಲ್ಲಿ ಅಳೆದು, ಕೂಲಿ ಕೊಟ್ಟು, ರಾಶಿಯ ಮೇಲೆ ಸುಣ್ಣದ ನೀರು ಚೆಲ್ಲುವುದು ಪದ್ಧತಿ. ಒಂದೇ ರಾಶಿ ಎರಡು ಸಲ ಅಳತೆಗೆ ಬರಬಾರದಲ್ಲ.

ಹಳ್ಳದ ಹತ್ತಿರದ ರಾಶಿಯನ್ನು, ಅಳತೆ ಮಾಡಿಸಲು ಬಂದಿದ್ದ ಓವರ್ಸಿಯರ್ ದಾಟಿ ನಡೆದರು. ಅದರ ಕಲ್ಲು ಒಡೆದವಳು ಓಡಿಬಂದಳು. ಗಂಡ ದುಡಿಯಲು ಜೇವರ್ಗಿ ಕಡೆ ಹೋಗಿದ್ದ; ಬೇಸಿಗೆಯೆಲ್ಲ ಒಬ್ಬಳೇ ಒಡೆದದ್ದು.

"ಸುಣ್ಣ ಬಿದ್ದದ. ಇದರ ರೊಕ್ಕ ಮುಟ್ಟ್ಯದ" ಅಂದರು ಓವರ್ಸಿಯರ್.

"ಸುಣ್ಣ ನಂದರಿ ಸಾಹೇಬ್ರ. ಹಬ್ಬಕ್ಕ ಮನಿಗಿ ಹಚ್ಚಿದ್ದು ಉಳದಿತ್ತು. ಖಡಿ ಒಂದs ಬೋಳು ಕಾಣಾಕತ್ತಿತ್ತು, ಹಚ್ಚಿಬಿಟ್ಟೆ."

ಕೂಲಿಯವರು ನಕ್ಕರು. ಇನ್ನು ಎಮ್ಮೆಗೂ ಹಚ್ಚುತ್ತಾಳೆ ಎಂದ ಒಬ್ಬ. ಓವರ್ಸಿಯರ್ ನಗಲಿಲ್ಲ, ಹೀಗೆ ಎಲ್ಲರೂ ಹೇಳಿದರೆ ತಾನು ಯಾರಿಗೆ ಉತ್ತರ ಕೊಡಬೇಕು ಎಂದರು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ರಾಶಿಯ ಬುಡ ತೋರಿಸಿದಳು. ಮನೆಯ ಗೋಡೆಗೆ ಎಳೆಯುವಂತೆ ಸುತ್ತಲೂ ಕೆಮ್ಮಣ್ಣಿನ ಪಟ್ಟಿ.

"ನಿಜಾಮ್ ಸರ್ಕಾರದಾಗ ಕೆಮ್ಮಣ್ಣೂ ಬಳೀತಿದ್ರೇನ್ರಿ?"

ಓವರ್ಸಿಯರ್ ರಾಶಿಯನ್ನು ಒಂದು ಸುತ್ತು ಹಾಕಿದರು. ಆಮೇಲೆ ಪೆಟ್ಟಿಗೆ ತರಲು ಹೇಳಿದರು. ಅಳತೆ ಮುಗಿದು, ಅವಳ ಕೈಗೆ ಕೂಲಿ ಎಣಿಸಿಕೊಟ್ಟ ಮೇಲೆ ಆಳು ಸುಣ್ಣದ ಗಡಿಗೆ ಎತ್ತಿದಾಗ, ಅದು ಮೊದಲೇ ಇದೆಯಲ್ಲ ಎಂದಳು. ಸರ್ಕಾರದ್ದೂ ಬೀಳಬೇಕು ಎಂದರು ಓವರ್ಸಿಯರ್.

ಮರುದಿನ ಬೆಳಿಗ್ಗೆ ನಾನು ಒಬ್ಬನೇ ಮುಂದಿನ ಮೈಲಿಗೆ ಹೋದೆ. ಮೊದಲು ಎಣಿಸಿದಾಗ ಬರೀ ಸುಣ್ಣವಿದ್ದ ರಾಶಿಗಳನ್ನು ಇನ್ನೊಮ್ಮೆ ನೋಡಿ ಬರೆದುಕೊಂಡೆ: 'ಕೆಮ್ಮಣ್ಣಿನ ಪಟ್ಟಿ ಇರುವವು ಐದು. ಐದೂ ಇನ್ನೂ ಹಸಿ.'